ಹುಳು ಎಷ್ಟನೇ ಜ್ವರ? ನಮ್ಮ ಕಡೆಯ ಮೊದಲ ಪ್ರೀತಿಯನ್ನು ಕಾದಂಬರಿ ಮಾಡುವ ಬಗೆ

ಮೊದಲ ಪ್ರೀತಿಯ ಬಗ್ಗೆ ಒಂದು ಸಿಹಿಯಾದ ಕಾದಂಬರಿ ಬರೆಯಬೇಕು ಅನ್ನೋ ಆಸೆ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಎಷ್ಟೋ ಹುಡುಗ ಹುಡುಗಿಯರಿಗೆ ಇದೆ. ಆದರೆ ಬರೆಯೋಕೆ ಕೂತ ತಕ್ಷಣ ಕಥೆ ಮಲೆನಾಡಿಗೆ ಓಡಿಬಿಡುತ್ತದೆ. ತುಂತುರು ಮಳೆ, ಕಾಫಿ ತೋಟ, ಹೆಂಚಿನ ಮನೆ. ಇಲ್ಲಾಂದ್ರೆ ಬೆಂಗಳೂರಿನ ಯಾವುದೋ ಕಾಫಿ ಶಾಪು. ನಮ್ಮೂರಲ್ಲಿ ಯಾರೂ ಯಾರನ್ನೂ ಪ್ರೀತಿಸಿಯೇ ಇಲ್ಲವೇನೋ ಅನ್ನೋ ಹಾಗೆ.

ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಬಿಟ್ಟು ಆಚೆ ಹೋಗದೆ ಅಂಥ ಕಾದಂಬರಿ ಕಟ್ಟುವುದು ಹೇಗೆ ಅಂತ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಾನು ಹೇಳಬೇಕು ಅಂದುಕೊಂಡಿರುವುದು ಮುಖ್ಯವಾಗಿ ಒಂದೇ. ಸಿಹಿ ಕಥೆಗೆ ವಿಲನ್ ಬೇಕಾಗಿಲ್ಲ. ಮನೆಗೆಲಸ, ಬಸ್ಸಿನ ಟೈಮು, ಬೆಳೆಯ ಲೆಕ್ಕ, ಇಷ್ಟೇ ಸಾಕು ಇಬ್ಬರನ್ನು ದೂರ ಇಡೋಕೆ. ಹತ್ತಿರ ತರೋಕೂ ಇವೇ ಸಾಕು.

1. ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ

ಪಾತ್ರಗಳ ಹೆಸರಿಗಿಂತ ಮುಂಚೆ ಇಸವಿ ಬರೆದಿಟ್ಟುಕೊಳ್ಳಿ. ಇಬ್ಬರು ಹೇಗೆ ಭೇಟಿಯಾಗುತ್ತಾರೆ, ಹೇಗೆ ಮಾತಾಡುತ್ತಾರೆ ಅನ್ನೋದೆಲ್ಲ ಅದರ ಮೇಲೆ ನಿಂತಿದೆ.

ಕಥೆ 2005ರದ್ದಾದರೆ ಕಾಗದದ ಮೇಲಿನ ವಿಳಾಸದಲ್ಲಿ ‘ಕೋಲಾರ ಜಿಲ್ಲೆ’ ಅಂತ ಇರಬೇಕು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಆ ಕಾಲದ ಪ್ರೀತಿ ಮಿಸ್ಡ್ ಕಾಲಿನ ಪ್ರೀತಿ. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಂದದ್ದು 2014ರ ಕೊನೆಯಲ್ಲಿ. ‘ಓದಿದ್ದಾಳೆ, ಉತ್ತರ ಕೊಟ್ಟಿಲ್ಲ’ ಅನ್ನೋ ಸಂಕಟ ಅದಕ್ಕೂ ಮುಂಚೆ ಹಾಗೆ ಇರಲಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಹಳ್ಳಿ ಮನೆಯಲ್ಲೂ ಡೇಟಾ ಲೆಕ್ಕ ಹಾಕೋದು ನಿಂತಿತು.

ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದಕ್ಕೆ ಮುಂಚಿನ ಕಥೆಯಾದರೆ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಸನ್ನಿವೇಶ ಇದೆ. ಜೂನ್, ಜುಲೈ ತಿಂಗಳು, ಇಬ್ಬರಿಗೂ ಸ್ಟೂಡೆಂಟ್ ಪಾಸ್ ಇನ್ನೂ ಕೈಗೆ ಬಂದಿಲ್ಲ. ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲ. ಇಬ್ಬರ ಬಾಕಿಗೂ ಸೇರಿಸಿ ಒಂದೇ ನೋಟು ಹುಡುಗನ ಕೈಗೆ ತುರುಕಿ, “ನೀವಿಬ್ರೂ ಹಂಚ್ಕೊಳ್ರಪ್ಪ” ಅಂತ ಮುಂದೆ ಹೋಗಿಬಿಡುತ್ತಾರೆ. ಇಳಿದ ಮೇಲೆ ನೋಟು ಮುರಿಸೋಕೆ ಇಬ್ಬರೂ ಒಂದೇ ಅಂಗಡಿಗೆ ಹೋಗಲೇಬೇಕು. ಅಪರಿಚಿತರನ್ನು ಮಾತಾಡಿಸೋಕೆ ಇದಕ್ಕಿಂತ ಸಹಜವಾದ ನೆಪ ಎಲ್ಲಿ ಸಿಗುತ್ತದೆ?

2023ರ ಆಮೇಲಿನ ಕಥೆಯಾದರೆ ಈ ಸನ್ನಿವೇಶ ನಡೆಯೋದಿಲ್ಲ. ಈಗ ಹುಡುಗಿ ಆಧಾರ್ ಕಾರ್ಡ್ ತೋರಿಸುತ್ತಾಳೆ, ಕಂಡಕ್ಟರ್ ಝೀರೋ ಟಿಕೆಟ್ ಹರಿದು ಕೊಡುತ್ತಾರೆ. ಕಾರ್ಡ್ ತೋರಿಸುವಾಗ ಅವಳು ಹೆಬ್ಬೆರಳಲ್ಲಿ ತನ್ನ ಫೋಟೋ ಮುಚ್ಚಿ ಹಿಡಿಯುತ್ತಾಳೆ. ಆಧಾರ್ ಫೋಟೋದಲ್ಲಿ ಚೆನ್ನಾಗಿ ಕಾಣೋರು ಯಾರಿದ್ದಾರೆ ಹೇಳಿ! ಹಿಂದೆ ನಿಂತವನಿಗೆ ಅಷ್ಟು ಕಂಡರೆ ಸಾಕು, ಮೊದಲ ಅಧ್ಯಾಯ ಮುಗಿಯಿತು.

2. ಒಂದು ಜಾಗ ಆರಿಸಿ, ನಂದಿ ಬೆಟ್ಟ ಬಿಡಿ

1478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ ಸೂರ್ಯೋದಯ ನೋಡೋ ಜೋಡಿ ಈಗಾಗಲೇ ಬೇಕಾದಷ್ಟು ಆಗಿದೆ. ಅದು ಶನಿವಾರ, ಭಾನುವಾರ ಬೆಂಗಳೂರಿಂದ ಬೈಕಲ್ಲಿ ಬರೋರ ಕಥೆ. ಊರಿನ ಹುಡುಗಿ ಅಲ್ಲಿಗೆ ಹೋಗೋದು ಅಣ್ಣನ ಮದುವೆ ಆದಮೇಲೆ ಅತ್ತಿಗೆಯ ತವರಿನವರು ಬಂದಾಗ, ಮನೆಮಂದಿಯೆಲ್ಲ ಸೇರಿ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು. ಬೆಟ್ಟದ ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನಿಮ್ಮ ಕಥೆಗೆ ಹೆಚ್ಚು ಒದಗುತ್ತದೆ. ಶಿವರಾತ್ರಿ ಜಾತ್ರೆಯ ಜನದಲ್ಲಿ ಇಬ್ಬರು ಅಕ್ಕಪಕ್ಕ ನಿಂತರೂ ಯಾರೂ ಕೇಳಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಅವಳು ಅಜ್ಜಿಯ ಚಪ್ಪಲಿ ಕಾಯುತ್ತಾ ಕೂತಿರಬಹುದು. ಅವನು ಎರಡು ಮೆಟ್ಟಿಲು ಕೆಳಗೆ.

ಮಳೆಯ ಬಗ್ಗೆಯೂ ಒಂದು ಮಾತು. ಇದು ಬಯಲುಸೀಮೆ. ವರ್ಷವಿಡೀ ಹರಿಯೋ ಹೊಳೆ ಇಲ್ಲಿಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳಿವೆ. ಮಳೆ ಬಂದರೆ ಜನ ಮೊದಲು ನೋಡೋದು ಕೆರೆಗೆ ನೀರು ಬಂತಾ ಅಂತ. ಅದಕ್ಕೇ ಪುಟಕ್ಕೊಂದು ತುಂತುರು ಸುರಿಸಬೇಡಿ. ಇಡೀ ಕಾದಂಬರಿಗೆ ಒಂದೇ ಒಂದು ಒಳ್ಳೆಯ ಮಳೆ ಇಟ್ಟುಕೊಳ್ಳಿ. ವರ್ಷಗಟ್ಟಲೆ ಒಣಗಿದ್ದ ಕೆರೆ ಕೋಡಿ ಬಿದ್ದ ದಿನ ಊರಿಗೆ ಊರೇ ನೋಡೋಕೆ ಓಡುತ್ತದೆ. ಆ ಗದ್ದಲದಲ್ಲಿ ಇವರಿಬ್ಬರೂ ಎದುರಾಗಲಿ. ಉಳಿದ ದಿನಗಳಿಗೆ ಆಷಾಢದ ಗಾಳಿ ಇದೆ, ಡಿಸೆಂಬರಿನ ಬೆಳಗಿನ ಮಂಜಿದೆ. ಬಸ್ ಸ್ಟ್ಯಾಂಡಲ್ಲಿ ಅವರೆಕಾಯಿ ಸೊಗಡಿನ ವಾಸನೆ ಇದೆ.

3. ಇಬ್ಬರ ಮನೆಯಲ್ಲಿ ಏನು ಕೆಲಸ ಅಂತ ತಿಳಿದುಕೊಳ್ಳಿ

ವಯಸ್ಸು ಹದಿನೆಂಟು ತುಂಬಿರಲಿ, ಡಿಗ್ರಿ ಮೊದಲ ವರ್ಷ. ಕಾನೂನಿನ ದೃಷ್ಟಿಯಿಂದ ಇದು ಸರಿ, ಕಥೆಗೂ ಒಳ್ಳೆಯದು. ಪಿಯುಸಿಯಲ್ಲಿ ಮನೆಯವರ ಕಣ್ಣು, ಟ್ಯೂಷನ್, ಮಾರ್ಕ್ಸ್ ಬಿಟ್ಟರೆ ಬೇರೇನೂ ಇರೋದಿಲ್ಲ. ಡಿಗ್ರಿಗೆ ಬಂದ ಮೇಲೆ ಒಂದಿಷ್ಟು ಸ್ವಂತ ಟೈಮು ಸಿಗುತ್ತದೆ.

‘ಅವಳ ಕಣ್ಣು ದೊಡ್ಡದು, ಅವನ ನಗು ಚೆಂದ’ ಅಂತ ಶುರು ಮಾಡಬೇಡಿ. ಬೆಳಿಗ್ಗೆ ಎದ್ದು ಕಾಲೇಜಿಗೆ ಬರೋ ಮುಂಚೆ ಏನೇನು ಮಾಡಿ ಬರುತ್ತಾರೆ ಅಂತ ಪಟ್ಟಿ ಮಾಡಿ. ನನ್ನ ಉದಾಹರಣೆಗೆ ಇಬ್ಬರನ್ನು ತೆಗೆದುಕೊಳ್ಳುತ್ತೇನೆ. ಪವಿತ್ರಾ ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ರೇಷ್ಮೆ. ಚೇತನ್ ಚಿಕ್ಕಬಳ್ಳಾಪುರದವನು, ಅಪ್ಪನದು ಹೂವಿನ ಮಂಡಿ. ಬೆಳಗಿನ ಜಾವ ಮಂಡಿಗೆ ಹೋಗಿ ಮೂಟೆ ಇಳಿಸಿ, ತೂಕ ಬರೆದು, ಸ್ನಾನ ಮಾಡಿ ಕಾಲೇಜಿಗೆ ಬಂದು ಮೊದಲ ಪೀರಿಯಡ್‌ನಲ್ಲಿ ನಿದ್ದೆ ಹೊಡೆಯುತ್ತಾನೆ.

ಇಷ್ಟು ತಿಳಿದ ಕೂಡಲೇ ಒಂದು ಸಂಗತಿ ತಾನಾಗೇ ಹೊಳೆಯುತ್ತದೆ. ಗುಲಾಬಿಯನ್ನು ದಿನಾ ಕೆಜಿ ಲೆಕ್ಕದಲ್ಲಿ ತೂಗುವವನು ಹುಡುಗಿಗೆ ಒಂದು ಗುಲಾಬಿ ಹೇಗೆ ಕೊಡುತ್ತಾನೆ? ಅವನಿಗೆ ಅದು ಅಪ್ಪನ ಮಾಲು. ಪಿತೃಪಕ್ಷದಲ್ಲಿ ಕೇಳೋರಿಲ್ಲದೆ ತಿಪ್ಪೆಗೆ ಸುರಿದು ಬಂದ ಹೂವು. ವರಮಹಾಲಕ್ಷ್ಮಿ ಹಬ್ಬಕ್ಕೆ ಅದೇ ಹೂವು ಮುಟ್ಟೋಕಾಗದ ರೇಟು. ಹೀಗಾಗಿ ಅವನು ಬೇರೆ ಏನೋ ಕೊಡಬೇಕು. ಏನು ಕೊಡುತ್ತಾನೆ ಅಂತ ನೀವು ಕಂಡುಹಿಡಿದರೆ ಆ ಪಾತ್ರ ನಿಮಗೆ ಸಿಕ್ಕಿತು ಅಂತ ಅರ್ಥ. ನನ್ನನ್ನು ಕೇಳಿದರೆ, ಅವಳು ಬರದ ದಿನಗಳ ನೋಟ್ಸ್. ಅವನ ಕೆಟ್ಟ ಕೈಬರಹದಲ್ಲಿ, ನಿದ್ದೆಗೆಟ್ಟು ಬರೆದದ್ದು.

4. ಅಡ್ಡಿಯನ್ನು ಹೊರಗಿಂದ ತರಬೇಡಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಮೊದಲ ಪ್ರೀತಿಯ ಎಷ್ಟೋ ಕಾದಂಬರಿಗಳು ಸೋಲೋದು ಇಲ್ಲೇ. ನಡುವೆ ಕಥೆ ಸೊರಗಿತು ಅಂತ ಅನ್ನಿಸಿದ ಕೂಡಲೇ ಒಬ್ಬ ರೌಡಿ ಬರುತ್ತಾನೆ, ಇಲ್ಲವೇ ಅಪಘಾತ ಆಗುತ್ತದೆ, ಇಲ್ಲವೇ ಅಮೆರಿಕದಿಂದ ಸೋದರಮಾವನ ಮಗ ಬಂದಿಳಿಯುತ್ತಾನೆ. ಇದ್ಯಾವುದೂ ಬೇಡ. ರೇಷ್ಮೆ ಹುಳುವಿನ ಲೆಕ್ಕ ನೋಡಿ.

ಮೊಟ್ಟೆ ಒಡೆದು ಚಾಕಿ ಹುಳು, ಅಂದರೆ ಮರಿ ಹುಳು ಬಂದ ಮೇಲೆ ಹಣ್ಣಾಗುವ ತನಕ, ಅಂದರೆ ಗೂಡು ಕಟ್ಟೋಕೆ ತಯಾರಾಗುವ ತನಕ, ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೈತರು ಅದನ್ನು ಜ್ವರಕ್ಕೆ ಕೂರೋದು ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಸುಮ್ನೆ ಇರುತ್ತದೆ, ಹಿಪ್ಪುನೇರಳೆ ಸೊಪ್ಪು ಮುಟ್ಟಲ್ಲ. ಸುಮಾರು ಒಂದು ದಿನ ಮನೆಗೆ ಬಿಡುವು. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನೋ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ಬೆಳಿಗ್ಗೆ ಸೊಪ್ಪು ಕೊಯ್ಯಬೇಕು, ಸಂಜೆ ಕೊಯ್ಯಬೇಕು, ರಾತ್ರಿ ಮಲಗೋ ಮುಂಚೆ ಮತ್ತೆ ಹಾಕಬೇಕು. ಹುಳು ಹಣ್ಣಾದ ದಿನ ಮನೆಮಂದಿ, ಅಕ್ಕಪಕ್ಕದವರು ಎಲ್ಲ ಕೂತು ಆಯ್ದು ಚಂದ್ರಿಕೆಗೆ (ಹುಳು ಗೂಡು ಕಟ್ಟೋ ತಟ್ಟೆಗೆ) ಬಿಡಬೇಕು. ಗೂಡು ಕಟ್ಟಿದ ಐದಾರು ದಿನಕ್ಕೆ ಬಿಡಿಸಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಡಬೇಕು.

ಅಂದರೆ ಪ್ರತಿ ಬೆಳೆಗೂ ಒಂದು ವಾರ ಪವಿತ್ರಾ ಕಾಲೇಜಿನಿಂದ ಮಾಯ. ಮಂಡಿಯ ಹುಡುಗನಿಗೆ ಇದೆಲ್ಲ ಗೊತ್ತಿಲ್ಲ. ಅವಳು ತನ್ನನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದಾಳೆ ಅಂದುಕೊಳ್ಳುತ್ತಾನೆ. ಆಮೇಲೆ ಒಂದು ದಿನ ಹೀಗೆ:

“ಇವತ್ತು ಹುಳ ಜ್ವರಕ್ಕೆ ಕೂತವೆ. ಅದಕ್ಕೇ ಬಂದೆ,” ಅಂದಳು.

“ಜ್ವರ ಬಂದಿದ್ರೆ ಬಿಟ್ಟು ಬಂದ್ಬಿಟ್ರಾ? ಡಾಕ್ಟ್ರಿಗೆ ತೋರಿಸಿದ್ರಾ?”

ಅವಳಿಗೆ ನಗು ತಡೆಯಲಿಲ್ಲ. ಬಾಯಿ ಮುಚ್ಚಿಕೊಳ್ಳೋಕೆ ಎತ್ತಿದ ಕೈ ಅರ್ಧಕ್ಕೇ ನಿಂತಿತು. ಬೆರಳ ಸಂದಿಯಲ್ಲೆಲ್ಲ ಸೊಪ್ಪಿನ ಕರೆ. ಅವನು ನೋಡಿಬಿಟ್ಟ. ಅವಳು ಕೈಯನ್ನು ಬ್ಯಾಗಿನ ಹಿಂದೆ ಸರಿಸಿದಳು.

ಇದೇ ಮಾತನ್ನು ಹತ್ತು ಅಧ್ಯಾಯ ಆದಮೇಲೆ ಮತ್ತೆ ತನ್ನಿ. ಆಗ ಅವನು ಫೋನಲ್ಲಿ ಕೇಳೋದು “ಎಷ್ಟನೇದು?” ಅಂತ ಅಷ್ಟೇ. ಅವಳು “ನಾಲ್ಕು” ಅನ್ನುತ್ತಾಳೆ. ಇನ್ನು ಒಂದು ವಾರ ಅವಳನ್ನು ನೋಡೋಕಾಗಲ್ಲ ಅಂತ ಅವನಿಗೂ ಗೊತ್ತು, ಓದುಗರಿಗೂ ಗೊತ್ತು. ‘ಐ ಲವ್ ಯೂ’ ಅಂತ ಎಲ್ಲೂ ಬರೆಯೋದು ಬೇಕಾಗಲ್ಲ.

ಕಥೆಯ ಮಧ್ಯದ ದೊಡ್ಡ ಬಿಕ್ಕಟ್ಟು ಕೂಡ ಈ ಎರಡು ಕೆಲಸಗಳ ನಡುವೆಯೇ ಇದೆ. ರೇಷ್ಮೆ ಹುಳುವಿಗೆ ಕೀಟನಾಶಕ ಅಂದರೆ ಸಾವು. ಗುಲಾಬಿಗೆ, ಸೇವಂತಿಗೆಗೆ ಔಷಧಿ ಹೊಡೆಯದೆ ಆಗಲ್ಲ. ಪಕ್ಕದ ಹೂವಿನ ತೋಟದಲ್ಲಿ ಹೊಡೆದ ಔಷಧಿ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಉಳಿಯಲ್ಲ. ಈ ಜಗಳ ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಅವಳ ಮನೆ ಪಕ್ಕದ ತೋಟದ ಹೂವು ಬರೋದು ಅವನ ಅಪ್ಪನ ಮಂಡಿಗೇ ಅಂತ ಇಟ್ಟುಕೊಳ್ಳಿ. ನಾಲ್ಕನೇ ಜ್ವರ ಎದ್ದ ಹುಳು, ಇನ್ನು ವಾರ ಕಳೆದರೆ ಕೈಗೆ ದುಡ್ಡು, ಅಂಥ ಹೊತ್ತಲ್ಲಿ ಬೆಳೆ ಹೋಯಿತು. ಯಾರೂ ಕೆಟ್ಟವರಲ್ಲ. ತೋಟದವನು ತನ್ನ ಬೆಳೆ ಉಳಿಸಿಕೊಂಡ, ಅಷ್ಟೇ. ಆದರೂ ಅವಳು ಚೇತನ್ ಮುಖ ನೋಡಲಾರಳು. ಅವನಿಗೆ ಹೇಳೋಕೆ ಮಾತಿಲ್ಲ. ವಿಲನ್ ಇಲ್ಲದೆ ನೂರು ಪುಟ ಇಲ್ಲಿಂದ ಹರಿಯುತ್ತದೆ.

ಒಂದು ಎಚ್ಚರಿಕೆ. ನೀವು ರೇಷ್ಮೆ ಮನೆಯವರಲ್ಲದಿದ್ದರೆ ಒಂದು ಬೆಳೆಯನ್ನಾದರೂ ಕಣ್ಣಾರೆ ನೋಡಿ ಬರೆಯಿರಿ. ಗೂಡಿನ ಬಣ್ಣ ತಪ್ಪಾದರೂ ಶಿಡ್ಲಘಟ್ಟದ ಓದುಗರು ಪುಸ್ತಕ ಮುಚ್ಚಿಡುತ್ತಾರೆ. ಮಿಶ್ರತಳಿ ಹುಳುವಾದರೆ ಹಳದಿ, ಬೈವೋಲ್ಟೈನ್ ತಳಿಯಾದರೆ ಬಿಳಿ. ನೋಡೋಕೆ ಹೋಗುವಾಗ ಸೆಂಟು ಹಾಕಿಕೊಂಡು ಹೋಗಬೇಡಿ, ಹುಳು ಮನೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಇದನ್ನೂ ಕಥೆಗೆ ಬಳಸಿಕೊಳ್ಳಬಹುದು. ನೋಟ್ಸ್ ಕೊಡೋಕೆ ಬಂದ ಚೇತನ್ ಮೈಯೆಲ್ಲ ಬಾಡಿ ಸ್ಪ್ರೇ. ಒಳಗಿಂದ ಅಜ್ಜಿ ಕೂಗುತ್ತಾಳೆ, “ಎವರ್ರಾ ನುವ್ವು? ಅಲ್ಲೇ ನಿಂತ್ಕೋ!”

5. ಹಿಂದೆ ಬೀಳೋ ಹೀರೋ ಬೇಡ

ವಾರಗಟ್ಟಲೆ ಬಸ್ಸಿನ ಹಿಂದೆ ಬೈಕಲ್ಲಿ ಬಂದು, ಕೈ ಕೊಯ್ದುಕೊಂಡು, ಕೊನೆಗೂ ಅವಳನ್ನು ಒಪ್ಪಿಸೋ ಹುಡುಗನನ್ನು ಸಿಹಿ ಅನ್ನೋ ಕಾಲ ಮುಗಿಯಿತು. ಹಾಗೆ ಹಿಂದೆ ಬಿದ್ದು ಕಾಡೋದು ಅಪರಾಧ, ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಇದೆ. ಅದಿರಲಿ, ನಿಮ್ಮ ಓದುಗರಲ್ಲಿ ಹುಡುಗಿಯರೇ ಜಾಸ್ತಿ. ಅಂಥವನು ಅವರಿಗೆ ಚೆನ್ನಾಗಿ ಪರಿಚಯ, ದಿನಾ ನೋಡುತ್ತಾರೆ.

ಅವಳು ಒಂದು ಸಲ ‘ಬೇಡ’ ಅಂದರೆ ಅವನು ನಿಲ್ಲಬೇಕು. ನಿಂತ ಮೇಲೆ ಏನಾಗುತ್ತದೆ ಅನ್ನೋದು ಒಳ್ಳೆಯ ಕಥೆ. ಅವನು ಮಾತು ಬಿಟ್ಟ, ಆದರೆ ನೋಟ್ಸ್ ಬರೆಯೋದು ಬಿಡಲಿಲ್ಲ, ಅವಳ ಗೆಳತಿಯ ಕೈಗೆ ಕೊಟ್ಟು ಹೋಗುತ್ತಾನೆ. ಮುಂದಿನ ಹೆಜ್ಜೆ ಅವಳದ್ದಾಗಲಿ. ಮೈ ಮುಟ್ಟುವ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ತುಂಬಿದ ಬಸ್ಸಲ್ಲಿ ಒಂದೇ ಕಂಬಿ ಹಿಡಿದ ಎರಡು ಕೈ ನಡುವೆ ನಾಲ್ಕು ಬೆರಳು ಜಾಗ ಇರಲಿ. ಆ ಜಾಗವನ್ನು ಕಾದಂಬರಿ ಮುಗಿಯೋ ಹೊತ್ತಿಗೆ ಎರಡು ಬೆರಳಿಗೆ ತನ್ನಿ, ಸಾಕು.

6. ಮಾತು ನಮ್ಮೂರಿನದಾಗಿರಲಿ

ನಿರೂಪಣೆ ಸಾದಾ ಬರಹದ ಕನ್ನಡದಲ್ಲಿ ಇರಲಿ, ಮಾತು ಮಾತ್ರ ಊರಿನದು. “ಎಲ್ಲಿಗ್ ಓಗ್ತಿದೀಯಮ್ಮ” ಅಂತ ಒಂದೆರಡು ಕಡೆ ಬಂದರೆ ಓದುಗರ ಕಿವಿ ಹೊಂದಿಕೊಳ್ಳುತ್ತದೆ. ಪ್ರತಿ ಪದವನ್ನೂ ಹಾಗೇ ಬರೆದರೆ ಓದೋದೇ ಕಷ್ಟ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಕಾಲೇಜಲ್ಲಿ ಕನ್ನಡ. ಅಮ್ಮನ ಜೊತೆ ಫೋನಲ್ಲಿ ತೆಲುಗಲ್ಲಿ ಜಗಳ ಆಡಿ, ಫೋನಿಟ್ಟು ಗೆಳತಿಗೆ ಕನ್ನಡದಲ್ಲಿ ನಗುತ್ತಾ ಹೇಳೋದು ಇಲ್ಲಿ ದಿನನಿತ್ಯದ ಸಂಗತಿ. ಅದನ್ನು ಅಡಗಿಸಬೇಡಿ. ಅರ್ಥ ವಿವರಿಸೋಕೂ ಹೋಗಬೇಡಿ, ಸಂದರ್ಭದಲ್ಲೇ ತಿಳಿಯುತ್ತದೆ.

ಸಂಬೋಧನೆಯ ಮೇಲೆ ಕಣ್ಣಿಡಿ. ಮೊದಲ ವಾರ ಇಬ್ಬರೂ ‘ನೀವು’, ‘ಏನ್ರೀ’. ‘ನೀನು’ ಯಾವ ಪುಟದಲ್ಲಿ ಬರುತ್ತದೆ, ಯಾರ ಬಾಯಲ್ಲಿ ಮೊದಲು ಬರುತ್ತದೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಜಗಳದ ಮಧ್ಯೆ ಬಂದರೆ ಇನ್ನೂ ಚೆಂದ. ಸೀನಿಯರ್ ಹುಡುಗನಾದರೆ ಅವಳು ‘ಅಣ್ಣ’ ಅಂತಲೇ ಶುರು ಮಾಡುತ್ತಾಳೆ. ಅಲ್ಲಿಂದ ಹೊರಗೆ ಬರೋದು ಇಬ್ಬರಿಗೂ ಎಷ್ಟು ಕಷ್ಟ ಅನ್ನೋದು ಗೊತ್ತಲ್ಲ, ತಮಾಷೆಗೆ ಒಂದು ಅಧ್ಯಾಯವೇ ಆಗುತ್ತದೆ. ವಾಟ್ಸಾಪ್ ಚಾಟನ್ನು ಪುಟಗಟ್ಟಲೆ ಇಳಿಸಬೇಡಿ. ಟೈಪ್ ಮಾಡಿ ಅಳಿಸಿದ ಒಂದು ಸಾಲು ಹತ್ತು ಸಾಲಿನ ಚಾಟಿಗಿಂತ ಮೇಲು.

7. ಅಧ್ಯಾಯಗಳ ಲೆಕ್ಕ

ನಲವತ್ತರಿಂದ ಐವತ್ತು ಸಾವಿರ ಪದ ಸಾಕು. ಒಂದೊಂದು ಅಧ್ಯಾಯ ಸಾವಿರದ ಐನೂರು, ಎರಡು ಸಾವಿರ ಪದ. ಬೆಳೆಯ ಲೆಕ್ಕದಲ್ಲಿ ಭಾಗ ಮಾಡಿಕೊಂಡರೆ ಸುಲಭ. ಮೊದಲ ಬೆಳೆಯಲ್ಲಿ ಪರಿಚಯ, ಎರಡನೆಯದರಲ್ಲಿ ಅನುಮಾನ ತೀರೋದು, ಮೂರನೆಯದರಲ್ಲಿ ಸಲಿಗೆ, ನಾಲ್ಕನೆಯ ಬೆಳೆ ಹೋಗೋದು, ಐದನೆಯ ಬೆಳೆಗೆ ಮತ್ತೆ ಚಾಕಿ ತರೋದು.

8. ಮನೆಯವರು, ಜಾತಿ

ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ, ತುಂಬಾ ಬರೆದರೆ ಬೇರೆ ಕಾದಂಬರಿ ಆಗುತ್ತದೆ. ನಮ್ಮ ಊರಲ್ಲಿ ಹೊಸಬರನ್ನು ಕೇಳೋ ಮೊದಲ ಪ್ರಶ್ನೆ “ಯಾರ ಮಗಳಮ್ಮ ನೀನು?” ಅಂತ. ಎರಡನೇ ಪ್ರಶ್ನೆ ಬಾಯಲ್ಲಿ ಕೇಳಲ್ಲ, ಉತ್ತರ ಮಾತ್ರ ತಿಳಿದುಕೊಳ್ಳುತ್ತಾರೆ. ಹದಿನೆಂಟರ ಇಬ್ಬರಿಗೂ ಇದು ಗೊತ್ತಿರುತ್ತದೆ. ಗೊತ್ತಿಲ್ಲದ ಹಾಗೆ ಬರೆಯಬೇಡಿ. ಒಂದು ಸನ್ನಿವೇಶದಲ್ಲಿ ಇಬ್ಬರೂ ಅದರ ಬಗ್ಗೆ ನೇರವಾಗಿ ಮಾತಾಡಲಿ, ಪರಿಹಾರ ಸಿಗದಿದ್ದರೂ ಪರವಾಗಿಲ್ಲ. ಮದುವೆಯ ಮಾತು ಇನ್ನೂ ದೂರ ಇರೋದರಿಂದ ಕಥೆ ಸಿಹಿಯಾಗಿಯೇ ಉಳಿಯುತ್ತದೆ. ಅಪ್ಪ ಅಮ್ಮನನ್ನು ರಾಕ್ಷಸರನ್ನಾಗಿ ಮಾಡಬೇಡಿ. ಮಗಳು ಫೋನ್ ಹಿಡಿದು ನಗೋದನ್ನು ನೋಡಿಯೂ ನೋಡದ ಹಾಗೆ ಸೊಪ್ಪು ಹೆಚ್ಚುತ್ತಾ ಕೂರೋ ಅಮ್ಮ ಎಷ್ಟೋ ಮನೆಯಲ್ಲಿದ್ದಾಳೆ.

9. ಕೊನೆ ಎಲ್ಲಿ ಬರಬೇಕು

ಮದುವೆಯಲ್ಲಿ ಮುಗಿಸಬೇಡಿ, ಸಾವಿನಲ್ಲಿ ಖಂಡಿತ ಬೇಡ. ಮೊದಲ ಪ್ರೀತಿಗೆ ಡಿಗ್ರಿ ಮುಗಿಯೋದೇ ಸಹಜವಾದ ಗಡಿ. ಚಿಕ್ಕಬಳ್ಳಾಪುರದ ಹುಡುಗರಿಗೆ 2008ರಲ್ಲಿ ದೇವನಹಳ್ಳಿ ಹತ್ತಿರ ಏರ್‌ಪೋರ್ಟ್ ಶುರುವಾದ ಮೇಲೆ ಆ ಕಡೆ ಕೆಲಸ ಹುಡುಕೋದು ಅಭ್ಯಾಸವಾಗಿದೆ. ನೈಟ್ ಶಿಫ್ಟ್ ಸಿಕ್ಕಿದವನ ಟೈಮೂ, ಬೆಳಿಗ್ಗೆ ಸೊಪ್ಪು ಕೊಯ್ಯೋಳ ಟೈಮೂ ಹೊಂದುತ್ತದಾ? ಈ ಪ್ರಶ್ನೆಯನ್ನು ಕೊನೆಯ ಅಧ್ಯಾಯಕ್ಕೆ ಇಟ್ಟುಕೊಳ್ಳಿ. ಇಬ್ಬರೂ ಜೊತೆಗಿರಲಿ ಅನ್ನೋದು ನನ್ನ ಆಸೆ. ಸಿಹಿ ಕಾದಂಬರಿ ಕೊಂಡವರಿಗೆ ಅಷ್ಟನ್ನು ಕೊಡಬೇಕು. ಅದಕ್ಕೆ ಪವಿತ್ರಾ ಓದನ್ನೋ ಕೆಲಸವನ್ನೋ ಬಿಡೋ ಹಾಗೆ ಮಾತ್ರ ಮಾಡಬೇಡಿ.

10. ಬರೆದಾದ ಮೇಲೆ

ಇಬ್ಬರಿಗೆ ಓದೋಕೆ ಕೊಡಿ. ಒಬ್ಬಳು ಡಿಗ್ರಿ ಓದುತ್ತಿರೋ ಹುಡುಗಿ, ಇನ್ನೊಬ್ಬರು ಹುಳು ಸಾಕಿದವರು. ಹುಡುಗಿ ಎಲ್ಲಿ ಪುಟ ಹಾರಿಸಿದಳು ಅಂತ ಕೇಳಿ, ಹುಳು ಸಾಕಿದವರು ಎಲ್ಲಿ ನಕ್ಕರು ಅಂತ ನೋಡಿ. ಎರಡೂ ಕಡೆ ತಿದ್ದಬೇಕಾಗುತ್ತದೆ.

ಟೈಪ್ ಮಾಡುವಾಗ ಮೊದಲಿಂದಲೇ ಯೂನಿಕೋಡ್‌ನಲ್ಲಿ ಮಾಡಿ, ಆಮೇಲೆ ಬದಲಾಯಿಸೋ ತಲೆನೋವು ಇರಲ್ಲ. ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ವಾರಕ್ಕೊಂದು ಅಧ್ಯಾಯ ಹಾಕಬಹುದು. ಆದರೆ ಕಾದಂಬರಿ ಪೂರ್ತಿ ಮುಗಿಸಿಕೊಂಡೇ ಶುರು ಮಾಡಿ. ಇಲ್ಲದಿದ್ದರೆ ‘ಇಬ್ಬರನ್ನೂ ಬೇಗ ಒಂದು ಮಾಡಿ’ ಅನ್ನೋ ಓದುಗರ ಒತ್ತಾಯಕ್ಕೆ ಐದನೇ ಅಧ್ಯಾಯದಲ್ಲೇ ಕಥೆ ಬಗ್ಗಿಬಿಡುತ್ತದೆ. ವಾರಪತ್ರಿಕೆಯ ಧಾರಾವಾಹಿಗೆ ಕಳಿಸೋದಾದರೆ ಆ್ಯಪ್‌ನಲ್ಲಿ ಮೊದಲೇ ಹಾಕಬೇಡಿ, ಬೇರೆಲ್ಲೂ ಪ್ರಕಟವಾಗದ ಬರಹವನ್ನೇ ಅವರು ಕೇಳೋದು.

ಅಚ್ಚು ಮಾಡಿಸೋದಾದರೆ ಐಎಸ್‌ಬಿಎನ್ ಅನ್ನೋ ಪುಸ್ತಕದ ಗುರುತಿನ ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅದನ್ನು ಕೊಡಿಸುತ್ತೇನೆ ಅಂತ ದುಡ್ಡು ಕೇಳಿದರೆ ಕೊಡಬೇಡಿ, ನೀವೇ ಅರ್ಜಿ ಹಾಕಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ವಯಸ್ಸಿನ ಮಿತಿಯನ್ನು ಅದರಲ್ಲೇ ನೋಡಿಕೊಳ್ಳಿ. ಪ್ರಕಾಶಕರಿಗೆ ಕಳಿಸುವಾಗ ಮೊದಲ ಮೂರು ಅಧ್ಯಾಯ, ಒಂದು ಪುಟದಲ್ಲಿ ಇಡೀ ಕಥೆ. ಆ ಒಂದು ಪುಟದಲ್ಲಿ ಕೊನೆಯನ್ನು ಮುಚ್ಚಿಡಬೇಡಿ, ಅವರು ಮೊದಲು ನೋಡೋದೇ ಅದನ್ನ.